ಒಂಬತ್ತನೇ ಡ್ರೈಯರ್

ಕ್ಲೀವ್‌ಲ್ಯಾಂಡಿನ ಬಕೈ ರಸ್ತೆಯ ಲಾಂಡ್ರಿಯಲ್ಲಿ
ರಾತ್ರಿಪಾಳಿ ನನ್ನದು, ಹನ್ನೊಂದು ವರ್ಷದಿಂದ.
ಗೋಡೆಗೆ ಮಾಲೀಕ ಬರೆದು ಅಂಟಿಸಿದ್ದಾನೆ:
ಕುರ್ಚಿ, ವೈಫೈ
ಬಟ್ಟೆ ತಂದವರಿಗೆ ಮಾತ್ರ.

ಏಳೂವರೆಗೆ ಕೆಜಾಯಾ ಬರುತ್ತಾಳೆ,
ಈರಿ ಸರೋವರದ ಗಾಳಿಯನ್ನು ಬೆನ್ನಿಗೆ ಹೊತ್ತು.
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ
ಚೀಲದಿಂದ ಒಂದು ಟವೆಲ್ ತೆಗೆದು
ಒಂಬತ್ತನೇ ಡ್ರೈಯರಿಗೆ ಹಾಕುತ್ತಾಳೆ.
ಒಣಗಿದ್ದೇ ಅದು. ನಿನ್ನೆಯದೇ.
ಕಾಲು ಡಾಲರಿಗೆ ಆರು ನಿಮಿಷದ ಶಾಖ,
ಆರು ನಿಮಿಷದ ಹಕ್ಕು.

ಒಳಗೆ ಟವೆಲ್ ತಿರುಗುತ್ತದೆ.
ಅವಳ ಪರದೆಯಲ್ಲೂ ಸಣ್ಣದೊಂದು ಚಕ್ರ,
ತಿರುಗುತ್ತಲೇ ಇರುತ್ತದೆ.
ಯಾವುದು ಮೊದಲು ನಿಂತೀತೆಂದು
ನೆಲ ಒರೆಸುತ್ತಾ ನಾನೂ ಕಾಯುತ್ತೇನೆ.

"ಕಡಿಮೆ ದುಡ್ಡಿಗೆ ಮನೆಗೇ ಕೊಡ್ತಾರಂತಲ್ಲೇ, ಇಂಟರ್ನೆಟ್ಟು?"
ತಲೆ ಎತ್ತಲಿಲ್ಲ.
"ಅಜ್ಜಿಯ ಹೆಸರಲ್ಲಿ ಹಳೇ ಕೇಬಲ್ ಬಾಕಿ ಇದೆ, ಮಿಸ್ ಇಲೋಂಕಾ.
ಎಂಬತ್ತಮೂರು ಡಾಲರ್.
ಅಜ್ಜಿ ಹೋದಳು, ಬಾಕಿ ವಿಳಾಸಕ್ಕೆ ಅಂಟಿಕೊಂಡಿದೆ."

ಸತ್ತವಳಿಗೆ ತಪ್ಪದೆ ತಲುಪುತ್ತದೆ ಬಿಲ್ಲು;
ಇರುವವಳಿಗೆ ತಲುಪುವುದಿಲ್ಲ ಬೀಜಗಣಿತ.

ಹಂಗೇರಿಯಿಂದ ಬಂದಿಳಿದಾಗ
ನನಗೂ ಇವಳದೇ ವಯಸ್ಸು.
ಬೇಕಾದದ್ದು ಒಂದು ನಿಘಂಟು, ಒಂದು ದೀಪ.
ನಿಘಂಟಿಗೆ ಯಾರೂ
ತಿಂಗಳ ಬಾಡಿಗೆ ಕೇಳಿರಲಿಲ್ಲ.

ಕೌಂಟರಿನ ಕೆಳಗೆ ಉಪ್ಪಿನಕಾಯಿಯ ಖಾಲಿ ಜಾಡಿ.
ಜನ ಜೇಬಲ್ಲಿ ಮರೆತ ಚಿಲ್ಲರೆ,
ಯಂತ್ರದ ಹೊಟ್ಟೆಯಲ್ಲಿ ತೊಳೆದು ಬೆಳ್ಳಗಾದದ್ದು.
ಲೆಕ್ಕದ ಪ್ರಕಾರ ಮಾಲೀಕನದು.
ಲೆಕ್ಕ ನಾನು ಕೇಳಲಿಲ್ಲ.

ಕೇಬಲ್ ಕಚೇರಿಯ ಹುಡುಗ
ನಾಣ್ಯದ ರಾಶಿ ನೋಡಿ ನಿಟ್ಟುಸಿರಿಟ್ಟ.
ಎರಡು ಸಲ ಎಣಿಸಿದ.
"ಮೃತರಿಗೆ ನೀವು ಏನಾಗಬೇಕು?"
"ಭಾನುವಾರ ಭಾನುವಾರ
ಅವರ ಹೊದಿಕೆ ಮಡಿಸಿಕೊಟ್ಟವಳು."
ಅದಕ್ಕೆ ಅವನ ಫಾರ್ಮಿನಲ್ಲಿ ಕಲಂ ಇರಲಿಲ್ಲ.
'ಇತರೆ' ಎಂದು ಬರೆದುಕೊಂಡ.

ಮಾರ್ಚಿನಲ್ಲಿ ಅವಳು ಬರುವುದು ನಿಂತಿತು.
ಒಮ್ಮೆ ಗಾಜಿನಾಚೆ ನಿಂತು ಕೈಬೀಸಿ
ಬಸ್ಸಿಗೆ ಓಡಿದಳು, ಅಷ್ಟೆ.
ಇರಬೇಕಾದದ್ದೂ ಅಷ್ಟೇ.
ಒಂಬತ್ತನೇ ಡ್ರೈಯರಿನ ಬಾಗಿಲು
ತಣ್ಣಗೆ, ಕೈಗೆ ಹಿತವಾಗಿತ್ತು, ಹತ್ತು ದಿನ.

ಇವತ್ತು ಬಾಗಿಲು ತಳ್ಳಿ ಒಳಬಂದ ಹುಡುಗನಿಗೆ
ಹನ್ನೆರಡೋ ಹದಿಮೂರೋ.
ಕಂಕುಳಲ್ಲಿ ಶಾಲೆಯ ಲ್ಯಾಪ್‌ಟಾಪ್.
ಗೋಡೆಯ ಬರಹ ಓದಿದ. ನನ್ನತ್ತ ನೋಡಿದ.
ಬಗ್ಗಿ ಬೂಟು ಕಳಚಿ
ಒಂದು ಕಾಲುಚೀಲ ತೆಗೆದ.

ನಾನು ಜಾಡಿ ಅಲ್ಲಾಡಿಸಿ ನೋಡಿದೆ.