ಮೀ

ದುಧನಿಯ ಕನ್ನಡ ಶಾಲೆ, ಏಳನೆಯ ಇಯತ್ತೆ,
ಆರನೇ ತಾಸು. ತೊಗರಿ ಮಿಲ್ಲಿನ ಹೊಟ್ಟು
ಕಿಟಕಿಯಿಂದ ಬಂದು ಬೋರ್ಡಿನ ಮೇಲೆ ಕೂರುತ್ತದೆ.
ಒರೆಸಿ ಬರೆದೆ: ಐ ಎಂಬುದು ಮೀ,
ಹಿ ಎಂಬುದು ಹಿಮ್, ಶಿ ಎಂಬುದು ಹರ್.
ಮಾಡುವವರು ಕ್ರಿಯಾಪದದ ಈಚೆ,
ಆದದ್ದನ್ನು ತಡೆದುಕೊಳ್ಳುವವರು ಆಚೆ.

ಜೈತುನಬಿ ಎದ್ದಳು:
‘ಬಾಯಾರ, ಮೀ ಅಂದ್ರ ಮರಾಠ್ಯಾಗ ನಾ ಅಲ್ಲೇನ್ರೀ?
ಇಲ್ಲಿ ಹ್ಯಾಂಗ ನನ್ನ ಆತು?’
ಎಲ್ಲ ನಕ್ಕರು. ನನಗೂ ಉತ್ತರ ಹೊಳೆಯಲಿಲ್ಲ;
ಒಂದೇ ಸದ್ದು, ಅತ್ತ ಪೇಟೆಯಲ್ಲಿ ಕರ್ತೃ,
ಇತ್ತ ನನ್ನ ಖಡುವಿನ ಗೆರೆಯಲ್ಲಿ ಕರ್ಮ.

ನಮ್ಮದರಲ್ಲಿ ‘ಅನ್ನು’ ಹಚ್ಚುತ್ತೇವೆ,
ಪುಸ್ತಕದಲ್ಲಿ ಮಾತ್ರ. ಊರಲ್ಲಿ ಯಾರೂ
ನನ್ನನ್ನು ಹೊಡೆದ ಅನ್ನುವುದಿಲ್ಲ; ‘ನನಗ ಹೊಡದ.’
ಕೊಟ್ಟರೂ ನನಗ, ಹೊಡೆದರೂ ನನಗ.
ಇಂಗ್ಲಿಷಿಗೂ ಅಷ್ಟೇ,
ಬೆಲ್ಲಕ್ಕೂ ಬೆತ್ತಕ್ಕೂ ಒಂದೇ ಅಂಗೈ.

ಐದು ವಾಕ್ಯ ಬರೆದು ತನ್ನಿ ಎಂದಿದ್ದೆ.
ಸುಗಲಾ ತಂದ ಐದೂ ಅವಳವ್ವನ ಮೇಲೆ:
ಮುಕಾದಮ ಅವಳನ್ನು ಕರೆಯುತ್ತಾನೆ.
ಮುಕಾದಮ ಅವಳನ್ನು ಎಣಿಸುತ್ತಾನೆ.
ಲಾರಿ ಅವಳನ್ನು ಒಯ್ಯುತ್ತದೆ.
ಕಬ್ಬಿನ ಗರಿ ಅವಳನ್ನು ಕೊಯ್ಯುತ್ತದೆ.
ನಾನು ಅವಳನ್ನು ಕಾಯುತ್ತೇನೆ.
ವ್ಯಾಕರಣ ಒಂದೂ ತಪ್ಪಿರಲಿಲ್ಲ.
ಕೆಂಪು ಪೆನ್ನು ಸುಮ್ಮನೆ ತೆರೆದೇ ಇತ್ತು.

ಒಂದನ್ನಾದರೂ ಬದಲಿಸೋಣ ಎಂದು
ಕರ್ಮಣಿ ಪ್ರಯೋಗ ಹೇಳಿಕೊಟ್ಟೆ.
ಹರ್ ಎಂಬುದು ಶಿ ಆಗಿ
ಸಾಲಿನ ತಲೆಗೆ ಬಂದು ನಿಂತಿತು:
ಅವಳು ಮುಕಾದಮನಿಂದ ಎಣಿಸಲ್ಪಡುತ್ತಾಳೆ.
ಸುಗಲಾ ಪೆನ್ಸಿಲು ಕಚ್ಚಿ ಎರಡು ಸಲ ಓದಿ
‘ಮುಂದ ಬಂದ್ಳು ಖರೆ,
ಎಣಿಸೂದು ಬಿಡ್ಲಿಲ್ಲಲ್ರೀ’ ಅಂದಳು.
ಪುಣ್ಯಕ್ಕೆ ಗಂಟೆಯಾಯಿತು.

ದೀಪಾವಳಿ ರಜೆ ಮುಗಿದು ಹದಿನೆಂಟು ದಿನ
ಅವಳ ಹೆಸರಿನ ಮುಂದೆ ಬರಿ ಗೆರೆ.
ಇಂಗ್ಲಿಷಿನಲ್ಲಿ ಹೆಸರುಗಳು ಬಟ್ಟೆ ಬದಲಿಸುವುದಿಲ್ಲ,
ಸುಗಲಾ ಎಲ್ಲಿ ನಿಂತರೂ ಸುಗಲಾ;
ನಿಂತ ಜಾಗ ನೋಡಿ ತಿಳಿಯಬೇಕು
ಒಯ್ದವಳೋ, ಒಯ್ಯಲ್ಪಟ್ಟವಳೋ.
ಯಾವ ಫಡದಲ್ಲಿ, ಯಾವ ಕೊಪ್ಪಿನಲ್ಲಿ ನಿಂತಿದ್ದಳೋ,
ನನ್ನ ಹಾಜರಿ ಪುಸ್ತಕಕ್ಕೆ ಗೊತ್ತಿರಲಿಲ್ಲ.

ಹತ್ತೊಂಬತ್ತನೆಯ ದಿನ, ಅದೇ ಆರನೇ ತಾಸು,
ಯಾರೋ ಬಾಗಿಲು ಬಡಿದರು.
ಪಾಠದ ರೂಢಿಯಲ್ಲಿ ಇಂಗ್ಲಿಷಿನಲ್ಲೇ ಕೇಳಿದೆ, ‘ಹೂ?’
‘ಮೀ.’

ಕಾರ್ಖಾನೆ ಕಡೆಯಿಂದ ತಂದ ಮರಾಠಿಯೋ
ನಾನೇ ಕಲಿಸಿದ ಇಂಗ್ಲಿಷೋ,
ಕೇಳಲಿಲ್ಲ. ಅಗಳಿ ತೆಗೆದೆ.
ಜೈತುನ ಆಗಲೇ
ಬೆಂಚಿನಲ್ಲಿ ಸರಿದು ಕೂತಿದ್ದಳು.