ಹದಿನೇಳು ಸೆಂಟ್ಸು

ಲಿಗೋರಿ ಕಲ್ಲನ್ನು ಮೊದಲು ನೆಕ್ಕುತ್ತಾನೆ.
ಒದ್ದೆಯಾದರೆ ಮಾತ್ರ ಕಲ್ಲು ನಿಜ ಹೇಳುತ್ತದಂತೆ.
ಮೂವತ್ತು ವರ್ಷ ಇಗರ್ಜಿಯ ಹಿಂದಿನ ಗೋರಿಗಳಿಗೆ ಹೆಸರು ಕೆತ್ತಿದವನು,
ಸತ್ತವರ ಇಸವಿ ಒಮ್ಮೆಯೂ ತಪ್ಪದವನು.

ಕಣ್ಣು ಅವನದು, ಪಾಲಿಶ್ ಮಿಶನ್ನು ನನ್ನದು,
ಜಾಗ ಇದಿನಬ್ಬ ಬ್ಯಾರಿಯದು:
ಹಂಗಾರಕಟ್ಟೆಯ ಕೆಳಗೆ, ಹೊಳೆ
ಸಮುದ್ರವನ್ನು ಒಳಗೆ ಬಿಡಲೋ ಬೇಡವೋ ಎಂದು
ದಿನಕ್ಕೆರಡು ಸಲ ಅನುಮಾನಿಸುವಲ್ಲಿ.
ಇಳಿತದಲ್ಲಿ ಹದಿನೇಳು ಸೆಂಟ್ಸು.
ಭರತದಲ್ಲಿ ಒಂಬತ್ತು.

ಮರಳಿನಡಿ ಒಂದು ಮೊಳಕ್ಕೆ ಹಾರೆ ಟಣ್ ಎಂದಿತು.
ಎತ್ತಿದ ಚೂರಿನಲ್ಲಿ ಮರುವಾಯಿ, ಮರುವಾಯಿಯ ಮೇಲೆ ಮರುವಾಯಿ,
ಬಾಯಿ ತೆರೆದದ್ದು, ಮುಚ್ಚಿದ್ದು, ಅರ್ಧ ಮಾತಿಗೆ ನಿಂತದ್ದು,
ನೆಲಕಡಲೆ ಚಿಕ್ಕಿಯ ಹಾಗೆ ಒತ್ತೊತ್ತಾಗಿ.
ಬಿಂಬುಳಿ ಹಿಂಡಿದೆವು. ಬುಸ್ಸೆಂದು ನೊರೆ.
"ನೋಡು," ಎಂದ ಲಿಗೋರಿ, "ಇನ್ನೂ ಉಸಿರುಂಟು."

ಆಮೇಲೆ ಬೀಡಿಕಟ್ಟಿನ ಕಾಗದದಲ್ಲಿ ಲೆಕ್ಕ:
ಹೋಟೆಲಿನ ಕೌಂಟರಿಗಾದರೆ ಚದರಡಿಗೆ ಇಷ್ಟು,
ಮಣಿಪಾಲದ ಡಾಕ್ಟರರ ಬಚ್ಚಲಿಗಾದರೆ ಕೇಳಿದಷ್ಟು.
ಐದು ಕೋಟಿ ವರ್ಷ ಹಳತು ಅಂತ ಹೇಳುವ, ಎಂದ ಇದಿನಬ್ಬ,
ಕೋಟಿ ಇಲ್ಲದ್ದನ್ನು ದುಡ್ಡಿದ್ದವರು ಬಗ್ಗಿ ನೋಡುವುದಿಲ್ಲ.

ಅರ್ಜಿಯಲ್ಲಿ ಖನಿಜದ ಹೆಸರು ಕೇಳಿತ್ತು.
ಮರುವಾಯಿ ಎಂದು ಬರೆದರೆ, ಮೀನುಗಾರಿಕೆಗೆ ಹೋಗಿ ಎಂದರು.
ಕಲ್ಲು ಎಂದರೆ, ಯಾವ ಕಲ್ಲು?
ನಾಲ್ಕು ಸಲ ಬಸ್ಸು, ನಾಲ್ಕು ಸಲ ಚಾ, ಬನ್ಸು.
ಐದನೆಯ ಸಲ ಕಚೇರಿಯೇ ಬಂತು:
ಗಣಿ ಇಲಾಖೆಯ ಹುಡುಗಿ, ಸೌಗಂಧಿನಿ,
ಚಪ್ಪಲಿ ಕೈಯಲ್ಲಿ, ಕೊರಳಲ್ಲಿ ಭೂತಗನ್ನಡಿ.

ಅವಳೂ ಕಲ್ಲನ್ನು ನೆಕ್ಕಿದಳು.
ಲಿಗೋರಿಯ ಮುಖದಲ್ಲಿ ಅರ್ಧ ಲೈಸೆನ್ಸು.

ಮತ್ತೆ ಒಂದೇ ಏಟು ಸುತ್ತಿಗೆಯಲ್ಲಿ, ಹದವಾಗಿ,
ಹಲಸಿನ ಕಾಯಿ ತಟ್ಟಿ ನೋಡುವವರ ಹಾಗೆ.
ಕಲ್ಲು ಎರಡಾಯಿತು.
ಒಳಗೆ, ಮರುವಾಯಿಗಳ ನಡುವೆ,
ಮರುವಾಯಿಯಷ್ಟೇ ಹಠದಲ್ಲಿ ಕಚ್ಚಿಕೊಂಡು
ಕೆಂಪಗೆ
ಹಂಚಿನ ಚೂರು.
ಅಚ್ಚಿನ ಮೂರೂವರೆ ಇಂಗ್ಲಿಷ್ ಅಕ್ಷರ.
ಇಸವಿ ಐವತ್ತೆಂಟೋ, ಐವತ್ತಮೂರೋ.

ಯಾರೂ ಮಾತಾಡಲಿಲ್ಲ.
ಬೆನ್ನ ಹಿಂದೆ ಮುಚ್ಚಿದ ಕಾರ್ಖಾನೆಯ ಚಿಮಣಿ
ತನಗೇನೂ ಗೊತ್ತಿಲ್ಲದಂತೆ ನಿಂತಿತ್ತು.

"ಚಿಪ್ಪಿನ ಸುಣ್ಣ ಕರಗಿ ಮರಳನ್ನು ಕಟ್ಟುತ್ತದೆ," ಎಂದಳು ಮೆಲ್ಲಗೆ,
ತಾನೇ ತಪ್ಪು ಮಾಡಿದವಳಂತೆ.
"ಇಲ್ಲಿ ಕಲ್ಲಾಗಲಿಕ್ಕೆ ಒಬ್ಬಳು ಅಜ್ಜಿಯ ಆಯುಷ್ಯ ಸಾಕು."
ಇದಿನಬ್ಬ ಒದ್ದೆ ಮರಳಲ್ಲಿ ಕೋಟಿಯ ಸೊನ್ನೆಗಳನ್ನು ಬರೆದು
ಒಂದೊಂದಾಗಿ ಕಾಲಿಂದ ಒರೆಸಿದ.

ನಾನು ಹೇಳಲಿಲ್ಲ ಅವರಿಗೆ.
ನನ್ನಮ್ಮ ಆ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವಳು.
ಒಡೆದರೆ ಕೂಲಿಯಲ್ಲಿ ಮುರಿಯುತ್ತಿದ್ದರು.
ಹಾಗಾಗಿ ಒಡೆದ ಸುಟ್ಟ ಹಂಚನ್ನೆಲ್ಲ ಸೆರಗಿನೊಳಗಿಟ್ಟು
ಸಂಜೆ ಕಾಲು ತೊಳೆಯುವ ನೆವದಲ್ಲಿ
ಹೊಳೆಗೆ ಬಿಟ್ಟು ಬರುತ್ತಿದ್ದಳು.
ಹೊಳೆ ಯಾರಿಗೂ ಹೇಳುವುದಿಲ್ಲ ಅನ್ನುತ್ತಿದ್ದಳು.
ಇದು ಅವಳದೇ ಚೂರಲ್ಲ, ಗೊತ್ತು.
ಒಡೆದವರು ಎಷ್ಟೋ ಮಂದಿ.

ಅರ್ಜಿ ಎರಡು ತಿಂಗಳಿಗೆ ವಾಪಸು ಬಂತು,
ಷರಾ ಒಂದೇ ಗೆರೆ: ಸದರಿ ಶಿಲೆ ಪುರಾತನವಲ್ಲ.
ಸೌಗಂಧಿನಿಯ ಸಹಿ ಮಾತ್ರ ಸ್ವಲ್ಪ ಓರೆ.

ಮಿಶನ್ನು ಬಾಡಿಗೆಗೆ ಹೋಗುವ ಮುಂಚೆ
ಆ ಒಂದು ಕಲ್ಲನ್ನು ತೇದೆ, ದೊರಗಿನಿಂದ ನಯಕ್ಕೆ,
ಏಳು ಬಿಲ್ಲೆ ಬದಲಿಸಿ.
ಮರುವಾಯಿಗಳು ಹಾಲಿನ ಕೆನೆಯಂತೆ ಹೊಳೆದವು.
ಹಂಚು ಹೊಳೆಯಲಿಲ್ಲ. ಎಷ್ಟು ತೇದರೂ ಹಂಚು ಹಂಚೇ.

ಲಿಗೋರಿ ಉಳಿ ಹಿಡಿದು ಬಂದ. ಇಸವಿ ಸರಿ ಮಾಡಬೇಕಂತೆ.
"ಯಾವುದು ಮಾರಾಯ, ಎಂಟೋ, ಮೂರೋ?"

ನಾನು ಒಂದು ಚೆಂಬು ನೀರು ಹೊಯ್ದೆ.
ಮರುವಾಯಿಗಳ ಮೇಲಿಂದ ನೀರು ಜಾರಿ ಹೋಯಿತು.
ಹಂಚು ಅದನ್ನು
ಕುಡಿಯಿತು.