ಅರ್ಧ ಕ್ಲಚ್ಚು

ಇಪ್ಪತ್ತೆರಡು ಲಕ್ಷ. ಅದರ ಮೇಲೆ ಒಂದು ರೂಪಾಯಿ ಇಲ್ಲ.
ಸಾಲಗಾಮೆ ರಸ್ತೆಯ ಡ್ರೈವಿಂಗ್ ಸ್ಕೂಲು, ಅದರ ಬೋರ್ಡು,
ಮೂರು ಆಲ್ಟೊ, ಮೂಲೆಯ ಮಳಿಗೆ,
ಎಲ್ಲ ಕೊಟ್ಟು ಕೈಗೆ ಬಂದದ್ದು ಇಷ್ಟು.
ಎಫ್‌ಡಿ ಇಡಿ ಅಂದರು ಬ್ಯಾಂಕಿನವರು.
ತಂಗಿ ಸೈಟು ಅಂದಳು.

ಇಪ್ಪತ್ತಾರು ವರ್ಷ ಎಡಗಡೆ ಸೀಟಿನಲ್ಲಿ ಕೂತವಳು ನಾನು.
ಅಲ್ಲಿ ನನ್ನ ಪಾಲಿಗೆ ಎರಡೇ ಪೆಡಲು,
ಕ್ಲಚ್ಚು, ಬ್ರೇಕು.
ವೇಗ ಯಾವತ್ತೂ ಬೇರೆಯವರ ಕಾಲಲ್ಲಿತ್ತು.

ಎರಡೇ ಸೀಟಿನ ಕಾರು ಯಾಕೆ ಅಂತ ಎಲ್ಲರೂ ಕೇಳಿದರು.
ಒಂದರಲ್ಲಿ ನಾನು,
ಇನ್ನೊಂದರಲ್ಲಿ ನನ್ನ ಬ್ಯಾಗು.

ಮೆಕ್ಯಾನಿಕ್ ಜಬೀವುಲ್ಲಾ ಜೊತೆಗೆ ಬಂದ,
ಜೇಬಲ್ಲಿ ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ.

ಬಿ.ಎಂ. ರೋಡಿನಲ್ಲಿ ಒಂದು ಕೆಂಪು.
ಕಣ್ಣು ಕೀಳಲಾಗದಷ್ಟು ಕೆಂಪು.
ಅವನು ಕಾರ್ಪೆಟ್ ಎತ್ತಿ ಮೂಸಿದ,
ಸೀಟಿನಡಿಯ ಬೋಲ್ಟಿಗೆ ಉಗುರು ಹಾಕಿ ಕೆರೆದ:
‘ಮೇಡಂ, ಇದು ಈಜು ಕಲಿತಿದೆ.’

ದೆಹಲಿ ನಂಬರಿನ ಹಳದಿ ಕಾರಿಗೆ
ಇಲ್ಲಿನ ತೆರಿಗೆ ಕೂಡಿಸಿದೆವು;
ಕಾಗದದ ಮೇಲೇ ಅದು ನನ್ನ ದುಡ್ಡು ದಾಟಿ ಓಡಿತು.

ಬಿಳಿಯದಕ್ಕೆ ಗೇರೇ ಇಲ್ಲ, ತಾನೇ ಎಲ್ಲ ಮಾಡುತ್ತದಂತೆ.
ಎಲೆ ಮುಂದೆ ಕೂರಿಸಿ
ಬೇರೆಯವರು ತುತ್ತಿಟ್ಟ ಹಾಗೆ.
ಬೇಡ ಅಂದೆ.

ಆಮೇಲೆ ಚಿಕ್ಕಮಗಳೂರು, ಬಸ್ಸಿನಲ್ಲಿ.
ಜ್ಯೋತಿನಗರದ ತಗಡಿನ ಶೆಡ್ಡು, ಧೂಳಿನ ಟಾರ್ಪಾಲು,
ಅದರಡಿ ಬೂದು ಬಣ್ಣದ ಪೋರ್ಷೆ, ಕೆಎ ಹದಿನೆಂಟು,
ಮೇಲಿನ ಬಟ್ಟೆ ಒಂದು ಕಡೆ ಹರಿದು ಹೊಲಿದದ್ದು.
ಬೆಲೆ ಇಪ್ಪತ್ತೊಂದೂವರೆ. ಉಳಿದರ್ಧ
ಇನ್ಶೂರೆನ್ಸಿಗೆ, ಹೆಸರು ಬದಲಿಸಲಿಕ್ಕೆ.
ಬೆರಳು ಮಡಿಸಿ ಎಣಿಸುತ್ತಿದ್ದೆ.

ಗಡ್ಡದವನೊಬ್ಬ ಕಂಕುಳಲ್ಲಿ ಮಗು ಹೊತ್ತು ಬಂದು ನಿಂತ:
‘ಮೇಡಂ, ನೀವಾ?’

ನಿಶ್ಚಲ್. ಇಂಜಿನಿಯರಿಂಗ್ ಓದಲು ಹಾಸನಕ್ಕೆ ಬಂದಿದ್ದವನು.
ಹದಿಮೂರು ವರ್ಷದ ಹಿಂದೆ, ಆರ್‌ಟಿಓ ಪರೀಕ್ಷೆಯ ದಿನ,
ಏರಿನಲ್ಲಿ ಹಿಂದಕ್ಕೆ ಜಾರಿ
ಎಳನೀರಿನ ಗಾಡಿಗೆ ಕೊಟ್ಟವನು.

‘ನಾನೇ ಓಡಿಸಿ ತೋರಿಸ್ತೀನಿ’ ಅಂದ.
ಮಗು ಜಬೀವುಲ್ಲಾನ ಕೈಗೆ ಹೋಯಿತು.
ನಾನು ಮತ್ತೆ ಎಡಗಡೆ.

ಕೈಮರ ದಾಟಿ ಗಿರಿಯ ಏರು.
ತಿರುವಿನಲ್ಲಿ ಜೀಪೊಂದು ಅಡ್ಡ ನಿಂತಿತ್ತು.
ಇವನು ಹ್ಯಾಂಡ್‌ಬ್ರೇಕ್ ಮುಟ್ಟಲಿಲ್ಲ;
ಅರ್ಧ ಕ್ಲಚ್ಚಿನಲ್ಲೇ ಅಷ್ಟು ದೊಡ್ಡ ಗಾಡಿಯನ್ನು
ಏರಿಗೆ ತೂಗುಹಾಕಿಕೊಂಡು
ಹವೆಯ ಬಗ್ಗೆ ಮಾತಾಡುತ್ತಿದ್ದ.
ನನ್ನ ಎರಡೂ ಕಾಲು
ಖಾಲಿ ಕಾರ್ಪೆಟ್ಟಿನ ಮೇಲೆ ಪೆಡಲು ಹುಡುಕಿದವು.
ಆಮೇಲೆ ವಾಸನೆ ಬಂತು,
ಒಲೆಯ ಮೇಲೆ ಮರೆತ ಹುರುಳಿಕಾಳಿನದು.

‘ಹ್ಯಾಂಡ್‌ಬ್ರೇಕು’ ಅಂದೆ, ಹಳೆಯ ದನಿಯಲ್ಲಿ.
ಬೆಚ್ಚಿ ಎಳೆದ.

ಇಳಿದು ಬಂದ ಮೇಲೆ ಜಬೀವುಲ್ಲಾ ಅಡಿಗೆ ತೂರಿದ.
ಬಣ್ಣ ಒಂದೇ ದಪ್ಪ. ಬೋಲ್ಟು ಯಾರೂ ಬಿಚ್ಚಿಲ್ಲ.
ಸರ್ವಿಸ್ ಪುಸ್ತಕದಲ್ಲಿ ಒಂದು ಮೊಹರೂ ತಪ್ಪಿಲ್ಲ.
‘ಎಲ್ಲ ಸರಿ ಮೇಡಂ, ಕ್ಲಚ್ಚೊಂದು...’
‘ಗೊತ್ತು.’

ಕೆಂಪು ಕಾರಿನ ರೋಗ ಕಾರ್ಪೆಟ್ಟಿನಡಿ ಇತ್ತು.
ಇದರದ್ದು ಹಾಗಲ್ಲ,
ಹೆಸರು ಹಿಡಿದು ಇಪ್ಪತ್ತೊಂದು ದಿನ ಬೈದಿದ್ದೇನೆ.

ಹೊಸ ಕ್ಲಚ್ಚಿಗೆ ಎರಡು ಲಕ್ಷ. ಕಳೆದೆ.
ನಿಶ್ಚಲ್ ತಲೆ ಕೆರೆದುಕೊಂಡ. ಚೌಕಾಸಿ ಮಾಡಲಿಲ್ಲ.
‘ಆವತ್ತೇ ಹೇಳಿದ್ರಿ.’
‘ಫೀಸು ತಗೊಂಡೇ ಹೇಳಿದ್ದೆ’ ಅಂದೆ,
‘ನೀನೀಗ ಬಾಕಿ ಕಟ್ಟು.’

ಸಂಜೆ ಬೇಲೂರಿನ ಮೇಲೆ ಹಾಸನಕ್ಕೆ.
ಇಂಜಿನ್ ಬೆನ್ನ ಹಿಂದೆ. ಕಾಲು ಒತ್ತಿದರೆ
ಸದ್ದು ಮುಂದೆ ಹೋಗುತ್ತದೆ, ಗಾಡಿ ನಿಧಾನ ಬರುತ್ತದೆ.
ನಲವತ್ತು. ಹೆಚ್ಚೆಂದರೆ ನಲವತ್ತೈದು.
ಟಿವಿಎಸ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನು
ತಿರುತಿರುಗಿ ನೋಡುತ್ತ ನನ್ನನ್ನು ದಾಟಿಹೋದ.

ಹೋಗಲಿ.
ನನ್ನ ಬಲಗಾಲ ಕೆಳಗೆ ಮೂರನೆಯ ಪೆಡಲಿತ್ತು.

ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು
ಎಡಗಡೆ ಕೂತಿದ್ದ ಜಬೀವುಲ್ಲಾ
ಹಂಪು ಬಂದಾಗೆಲ್ಲ ಉಸಿರು ಹಿಡಿದು
ಖಾಲಿ ನೆಲವನ್ನು ಒತ್ತುತ್ತಿದ್ದ.